ಫ್ಯಾರಡೆಯ ಕಬ್ಬಿಣದ ಬಳೆ

ಲಂಡನ್ ನಗರದ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಒಂದು ಹಳೆಯ ಕಬ್ಬಿಣದ ಬಳೆಯನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಅದರ ಹೊರ ಅಳತೆ ಆರು ಅಂಗುಲ. ಬಳೆಯ ಎರಡು ಪಕ್ಕಗಳಲ್ಲಿ ತಾಮ್ರದ ತಂತಿಯನ್ನು ಒತ್ತಾಗಿ ಸುತ್ತಲಾಗಿದೆ. ತಂತಿಯ ನಡುನಡುವೆ ದಾರವೂ ಮಾಸಿದ ಬಟ್ಟೆಯೂ ಇಣುಕುತ್ತವೆ. ನೋಡಿದವರ ಕಣ್ಣಿಗೆ ಅದರಲ್ಲಿ ಅಂದವಿಲ್ಲ, ಕುಸುರಿಯಿಲ್ಲ. ಆದರೆ ಇಂದು ಊರೂರಿನ ಬೀದಿಗಳ ಕಂಬಗಳ ಮೇಲೆಯೂ ಕಾರ್ಖಾನೆಗಳಲ್ಲಿಯೂ ಪ್ರಯೋಗಶಾಲೆಗಳ ಮೇಜುಗಳ ಮೇಲೆಯೂ ಕೆಲಸ ಮಾಡುತ್ತಿರುವ ಟ್ರಾನ್ಸ್‌ಫಾರ್ಮರುಗಳ ವಂಶವು ಈ ಬಳೆಯಿಂದಲೇ ಬೆಳೆದು ಬಂದಿದೆ. ಅದನ್ನು ಕೈಯಾರೆ ಸುತ್ತಿ ಸಿದ್ಧಗೊಳಿಸಿದವನು ಮೈಕೇಲ್ ಫ್ಯಾರಡೆ. ಹೆಚ್ಚು ಶಾಲೆಯನ್ನು ಕಾಣದ, ಉನ್ನತ ಗಣಿತವನ್ನು ಅರಿಯದ ಒಬ್ಬ ಕಮ್ಮಾರನ ಮಗನು ಇಂಥ ಕಾರ್ಯವನ್ನು ಸಾಧಿಸಿದ ಬಗೆ ಎಲ್ಲರೂ ತಿಳಿಯತಕ್ಕದ್ದಾಗಿದೆ.

ಫ್ಯಾರಡೆಯು 1791ನೆಯ ಇಸವಿ ಸೆಪ್ಟೆಂಬರ್ 22ರಂದು ಲಂಡನ್ನಿನ ಮಗ್ಗುಲಲ್ಲಿದ್ದ ನ್ಯೂಯಿಂಗ್ಟನ್ ಎಂಬಲ್ಲಿ ಜನಿಸಿದನು. ತಂದೆ ಜೇಮ್ಸ್ ಫ್ಯಾರಡೆ ಕುಲುಮೆಯ ಕೆಲಸದವನು; ಆತನಿಗೆ ಆರೋಗ್ಯ ಚೆನ್ನಾಗಿರಲಿಲ್ಲ. ದುಡಿದ ದಿನ ಊಟ, ಮಲಗಿದ ದಿನ ಉಪವಾಸ ಎನ್ನುವಂತಿತ್ತು ಆ ಸಂಸಾರದ ಸ್ಥಿತಿ. 1801ರಲ್ಲಿ ಧಾನ್ಯದ ಬೆಲೆ ವಿಪರೀತ ಏರಿದಾಗ ಬಾಲಕ ಮೈಕೇಲನಿಗೆ ವಾರಕ್ಕೆ ಒಂದೇ ಒಂದು ಬ್ರೆಡ್ಡು ದೊರೆಯುತ್ತಿತ್ತು. ಅದನ್ನೇ ಆತನು ಏಳು ದಿನಗಳಿಗೂ ಸಾಲುವಂತೆ ತಿನ್ನಬೇಕಾಗಿತ್ತು. ಓದು, ಬರಹ, ಸಾಮಾನ್ಯ ಲೆಕ್ಕ ಇಷ್ಟನ್ನು ಕಲಿಯುವಷ್ಟರಲ್ಲಿ ಆತನ ಶಾಲೆಯ ದಿನಗಳು ಮುಗಿದವು.

ಹದಿಮೂರನೆಯ ವಯಸ್ಸಿನಲ್ಲಿ ಮೈಕೇಲನು ರೀಬೊ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಓಡಾಟದ ಹುಡುಗನಾಗಿ ಸೇರಿದನು. ಮನೆಮನೆಗೆ ವೃತ್ತಪತ್ರಿಕೆಗಳನ್ನು ಮುಟ್ಟಿಸಿ ಬರುವುದು ಅವನ ಕೆಲಸವಾಗಿತ್ತು. ಹುಡುಗನ ನಂಬಿಕೆಯ ನಡತೆಯನ್ನು ಮೆಚ್ಚಿ ರೀಬೊ 1805ರಲ್ಲಿ ಯಾವ ಶುಲ್ಕವನ್ನೂ ಕೇಳದೆ ಆತನನ್ನು ಪುಸ್ತಕ ಕಟ್ಟುವ ಕಸುಬಿನಲ್ಲಿ ಶಿಷ್ಯನನ್ನಾಗಿ ಇಟ್ಟುಕೊಂಡನು. ಏಳು ವರ್ಷಗಳ ಕಾಲ ಫ್ಯಾರಡೆ ಹೊಲಿದನು, ಅಂಟಿಸಿದನು, ರಟ್ಟು ಹಾಕಿದನು. ಬೇರೆಯವರು ಪುಸ್ತಕಗಳ ಹೊರಮೈಯನ್ನು ಮಾತ್ರ ನೋಡಿದರೆ ಆತನು ಒಳಗಿನದನ್ನೂ ಓದಿದನು. ವಿಶ್ವಕೋಶವೊಂದರಲ್ಲಿದ್ದ ವಿದ್ಯುತ್ತಿನ ಲೇಖನವೂ ಜೇನ್ ಮಾರ್ಸೆಟ್ ಎಂಬ ಲೇಖಕಿ ಬರೆದ ರಸಾಯನಶಾಸ್ತ್ರದ ಸಂಭಾಷಣೆಗಳೂ ಆತನ ಮನಸ್ಸನ್ನು ಸೆರೆಹಿಡಿದವು. ಓದಿದ್ದನ್ನು ಆತನು ಹಾಗೆಯೇ ನಂಬಲಿಲ್ಲ, ಮಾಡಿ ನೋಡಿದನು. ತಾಮ್ರದ ಅರ್ಧ ಪೆನ್ನಿ ನಾಣ್ಯಗಳು, ಸತುವಿನ ಬಿಲ್ಲೆಗಳು, ಉಪ್ಪುನೀರಿನಲ್ಲಿ ನೆನೆದ ಕಾಗದದ ಚೂರುಗಳು, ಇವುಗಳನ್ನು ಒಂದರ ಮೇಲೊಂದು ಪೇರಿಸಿ ಪುಟ್ಟ ಬ್ಯಾಟರಿಯೊಂದನ್ನು ಕಟ್ಟಿದನು. ದಾರ, ಬಟ್ಟೆ, ಅಂಟು, ರಟ್ಟುಗಳೊಡನೆ ಹದಗೊಂಡ ಆ ಕೈಗಳೇ ಮುಂದೆ ವಿಜ್ಞಾನದ ದಿಕ್ಕನ್ನು ತಿರುಗಿಸಲಿದ್ದವು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಫ್ಯಾರಡೆಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸಗಳ ಟಿಕೆಟುಗಳನ್ನು ಕೊಟ್ಟನು. ಅಲ್ಲಿ ಮಾತನಾಡುತ್ತಿದ್ದವನು ಆ ಕಾಲದ ಪ್ರಖ್ಯಾತ ರಸಾಯನ ವಿಜ್ಞಾನಿ ಹಂಫ್ರಿ ಡೇವಿ. ಫ್ಯಾರಡೆ ನಾಲ್ಕು ಉಪನ್ಯಾಸಗಳನ್ನು ಕೇಳಿದನು, ಟಿಪ್ಪಣಿ ಬರೆದುಕೊಂಡನು, ಚಿತ್ರಗಳೊಡನೆ ಅದನ್ನು ಅಂದವಾಗಿ ಪುನಃ ಬರೆದು, ತಾನೇ ರಟ್ಟು ಕಟ್ಟಿ, ಕೆಲಸವೊಂದನ್ನು ಬೇಡುವ ಪತ್ರದೊಂದಿಗೆ ಡೇವಿಗೆ ಕಳುಹಿಸಿದನು. ಡೇವಿ ಆತನನ್ನು ಕರೆಸಿ ಮಾತನಾಡಿಸಿದನಾದರೂ ಕೈಯಲ್ಲಿರುವ ಕಸುಬನ್ನು ಬಿಡಬಾರದೆಂದು ಬುದ್ಧಿ ಹೇಳಿದನು. ಕೆಲವೇ ವಾರಗಳಲ್ಲಿ ಪ್ರಯೋಗಶಾಲೆಯ ಸಹಾಯಕನ ಸ್ಥಳ ತೆರವಾಯಿತು. 1813ರ ಮಾರ್ಚ್ 1ರಂದು ಫ್ಯಾರಡೆ ಆ ಕೆಲಸಕ್ಕೆ ನೇಮಕಗೊಂಡನು. ಅಲ್ಪ ಸಂಬಳ, ಮೇಲಂತಸ್ತಿನಲ್ಲಿ ಎರಡು ಕೋಣೆ. ಅಷ್ಟೇ ಆತನಿಗೆ ಸಾಕಾಗಿತ್ತು. ಅದೇ ವರ್ಷ ಡೇವಿಯೊಡನೆ ಯೂರೋಪಿನ ಪ್ರವಾಸಕ್ಕೆ ಹೊರಟಾಗ ಸಹಾಯಕನ ಕೆಲಸದ ಜೊತೆಗೆ ಆಳಿನ ಊಳಿಗವೂ ಆತನ ಪಾಲಿಗೆ ಬಂದಿತು. ಆ ಅವಮಾನವನ್ನು ನುಂಗಿಕೊಂಡು ಆತನು ಫ್ರಾನ್ಸ್, ಇಟಲಿಗಳ ವಿದ್ವಾಂಸರಿಂದ ಕಲಿಯಬಹುದಾದುದನ್ನೆಲ್ಲ ಕಲಿತು 1815ರಲ್ಲಿ ಹಿಂದಿರುಗಿದನು.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ವಿಜ್ಞಾನಿಯು ಒಂದು ಹೊಸ ಸಂಗತಿಯನ್ನು ಪ್ರಕಟಿಸಿದನು. ವಿದ್ಯುತ್ತು ಹರಿಯುವ ತಂತಿಯ ಬಳಿ ಕಾಂತಸೂಚಿಯನ್ನು ಇಟ್ಟರೆ ಸೂಚಿಯು ತಿರುಗುತ್ತದೆ ಎಂಬುದೇ ಆ ಸಂಗತಿ. ವಿದ್ಯುತ್ತಿಗೂ ಕಾಂತತ್ವಕ್ಕೂ ನಂಟಿದೆಯೆಂದು ಜಗತ್ತಿಗೆ ಆಗ ತಿಳಿಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಫ್ಯಾರಡೆಯು ವಿದ್ಯುತ್ತು ಹರಿಯುವ ತಂತಿಯು ಅಯಸ್ಕಾಂತದ ಸುತ್ತ ನಿಲ್ಲದೆ ತಿರುಗುವಂತೆ ಮಾಡಿ ತೋರಿಸಿದನು. ಇಂದಿನ ವಿದ್ಯುನ್ಮೋಟಾರುಗಳ ಮೊಳಕೆ ಅದು. ಆದರೆ ಕೀರ್ತಿಯ ಜೊತೆಗೆ ಕಹಿಯೂ ಬಂದಿತು. ಮತ್ತೊಬ್ಬ ಹಿರಿಯ ವಿಜ್ಞಾನಿಯ ಯೋಚನೆಯನ್ನು ಆತನು ಕದ್ದನೆಂದು ಕೆಲವರು ಆಡಿಕೊಂಡರು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಆತನ ಹೆಸರು ಬಂದಾಗ ಗುರುವಾದ ಡೇವಿಯೇ ವಿರೋಧಿಯಾಗಿದ್ದನು. ಫ್ಯಾರಡೆ ಆಯ್ಕೆಯಾದನು. ಡೇವಿಯಿಂದ ತಾನು ಪಡೆದ ಉಪಕಾರವನ್ನು ಮಾತ್ರ ಆತನು ಕೊನೆಯವರೆಗೂ ಮರೆಯಲಿಲ್ಲ.

ಈ ನಡುವೆ ಒಂದು ಪ್ರಶ್ನೆ ಆತನನ್ನು ಬಿಡದೆ ಕಾಡುತ್ತಿತ್ತು. ವಿದ್ಯುತ್ತಿನಿಂದ ಕಾಂತತ್ವ ಹುಟ್ಟುವುದಾದರೆ ಕಾಂತತ್ವದಿಂದ ವಿದ್ಯುತ್ತು ಏಕೆ ಹುಟ್ಟಬಾರದು? ಎರಡು ತಂತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದರಲ್ಲಿ ವಿದ್ಯುತ್ತನ್ನು ಹರಿಸಿ ಇನ್ನೊಂದರಲ್ಲಿ ಏನಾದರೂ ಕಾಣುವುದೋ ಎಂದು 1825ರಲ್ಲಿ ಪರೀಕ್ಷಿಸಿದನು. ಏನೂ ಕಾಣಲಿಲ್ಲ. ಅದೇ ವರ್ಷದಿಂದ ದೂರದರ್ಶಕಗಳಿಗೆ ಬೇಕಾದ ಗಾಜನ್ನು ಸುಧಾರಿಸುವ ಕೆಲಸವೂ ಆತನ ಹೆಗಲಿಗೇರಿತು. ಕುಲುಮೆಯ ಮುಂದೆ ವರ್ಷಗಳು ಉರುಳಿದವು. 1831ರಲ್ಲಿ ಆತನು ಆ ಕೆಲಸದಿಂದ ಬಿಡುಗಡೆ ಪಡೆದನು. ಆಗ ಆತನಿಗೆ ಮೂವತ್ತೊಂಬತ್ತು ವರ್ಷ. ಹಳೆಯ ಪ್ರಶ್ನೆ ಹಾಗೆಯೇ ಕಾದು ಕುಳಿತಿತ್ತು.

ಈ ಸಲ ಫ್ಯಾರಡೆ ಮೆದು ಕಬ್ಬಿಣದ ಬಳೆಯೊಂದನ್ನು ಮಾಡಿಸಿದನು. ಬಳೆಯ ಕಂಬಿಯ ದಪ್ಪ ಒಂದು ಅಂಗುಲಕ್ಕೆ ತುಸು ಕಡಿಮೆ. ಅದರ ಒಂದು ಪಕ್ಕಕ್ಕೆ ತಲಾ ಸುಮಾರು 24 ಅಡಿ ಉದ್ದದ ಮೂರು ತಾಮ್ರದ ತಂತಿಗಳನ್ನು ಸುತ್ತಿದನು. ಇನ್ನೊಂದು ಪಕ್ಕಕ್ಕೆ ಒಟ್ಟು 60 ಅಡಿಗಳಷ್ಟು ಉದ್ದದ ಎರಡು ತಂತಿಗಳನ್ನು ಸುತ್ತಿದನು. ಎರಡು ಪಕ್ಕಗಳ ನಡುವೆ ಬರಿಯ ಕಬ್ಬಿಣ ಕಾಣುವಂತೆ ಜಾಗ ಬಿಟ್ಟನು.

ಹೇಳುವುದಕ್ಕೆ ಇದು ಸುಲಭ. ಮಾಡುವುದಕ್ಕೆ ಬಹಳ ತಾಳ್ಮೆ ಬೇಕು. ಇಂದು ಅಂಗಡಿಯಲ್ಲಿ ದೊರೆಯುವಂಥ, ಮೇಲೆ ಲೇಪವಿರುವ ತಂತಿ ಆಗ ಆತನಿಗೆ ದೊರೆಯುವಂತಿರಲಿಲ್ಲ. ಬರಿಯ ತಾಮ್ರದ ತಂತಿಯ ಒಂದು ಸುತ್ತು ಮತ್ತೊಂದು ಸುತ್ತಿಗೆ ತಾಗಿದರೆ ವಿದ್ಯುತ್ತು ಸುತ್ತಿಕೊಂಡು ಹೋಗದೆ ಅಡ್ಡದಾರಿ ಹಿಡಿಯುತ್ತದೆ. ಒಂದು ಪಕ್ಕದ ತಂತಿ ಕಬ್ಬಿಣಕ್ಕೂ, ಕಬ್ಬಿಣ ಇನ್ನೊಂದು ಪಕ್ಕದ ತಂತಿಗೂ ತಾಗಿದರಂತೂ ಪ್ರಯೋಗವೇ ವ್ಯರ್ಥ. ಎರಡನೆಯ ಸುರುಳಿಯಲ್ಲಿ ಕಂಡ ವಿದ್ಯುತ್ತು ಕಾಂತತ್ವದಿಂದ ಹುಟ್ಟಿದುದೋ, ಲೋಹದ ಮೂಲಕ ಸೋರಿ ಬಂದುದೋ ಹೇಳುವಂತಿರುವುದಿಲ್ಲ. ಆದುದರಿಂದ ಫ್ಯಾರಡೆ ಸುತ್ತು ಸುತ್ತುಗಳ ನಡುವೆ ದಾರವನ್ನು ಸೇರಿಸಿದನು. ಪದರ ಪದರಗಳ ನಡುವೆ ಹತ್ತಿಬಟ್ಟೆಯನ್ನು ಹೊದಿಸಿದನು. ಪುಸ್ತಕ ಕಟ್ಟುವ ಕಾಲದಲ್ಲಿ ಕಲಿತ ಅಚ್ಚುಕಟ್ಟು ಇಲ್ಲಿ ಆತನ ನೆರವಿಗೆ ಬಂದಿತು. ಎರಡು ಸುರುಳಿಗಳೂ ಒಂದೇ ಬಳೆಯನ್ನು ಅಪ್ಪಿಕೊಂಡಿದ್ದವು. ಆದರೆ ಒಂದರ ತಾಮ್ರ ಇನ್ನೊಂದರ ತಾಮ್ರವನ್ನು ಎಲ್ಲಿಯೂ ಮುಟ್ಟುತ್ತಿರಲಿಲ್ಲ.

1831ರ ಆಗಸ್ಟ್ 29ರಂದು ಪ್ರಯೋಗ ನಡೆಯಿತು. ಎರಡನೆಯ ಸುರುಳಿಯ ತುದಿಗಳನ್ನು ಉದ್ದವಾದ ತಂತಿಯಿಂದ ಸೇರಿಸಿ, ಆ ತಂತಿಯು ಬಳೆಯಿಂದ ಮೂರು ಅಡಿ ದೂರದಲ್ಲಿದ್ದ ಕಾಂತಸೂಚಿಯ ಮೇಲೆ ಹಾದುಹೋಗುವಂತೆ ಫ್ಯಾರಡೆ ಏರ್ಪಡಿಸಿದನು. ಬಳೆಯ ಕಾಂತತ್ವವೇ ನೇರವಾಗಿ ಸೂಚಿಯನ್ನು ಎಳೆಯಬಾರದೆಂದು ಈ ದೂರ. ಬಳಿಕ ಮೊದಲ ಸುರುಳಿಯನ್ನು ಹತ್ತು ಜೊತೆ ಫಲಕಗಳ ಬ್ಯಾಟರಿಗೆ ಜೋಡಿಸಿದನು. ಒಡನೆಯೇ ಸೂಚಿಯು ಕದಲಿತು! ಕೆಲವು ಸಲ ಅತ್ತಿತ್ತ ಓಲಾಡಿ ಮೊದಲಿನ ಸ್ಥಾನಕ್ಕೆ ಬಂದು ನಿಂತುಬಿಟ್ಟಿತು. ಬ್ಯಾಟರಿಯಿಂದ ವಿದ್ಯುತ್ತು ಹರಿಯುತ್ತಲೇ ಇತ್ತು. ಸೂಚಿಯು ಮಾತ್ರ ನಿಶ್ಚಲವಾಗಿತ್ತು. ಜೋಡಣೆಯನ್ನು ತಪ್ಪಿಸಿದಾಗ ಸೂಚಿಯು ಮತ್ತೊಮ್ಮೆ ಕದಲಿ ಮತ್ತೆ ನಿಂತಿತು.

ಹಿಂದೆ ತಾನು ಸೋತುದು ಏಕೆಂಬುದು ಫ್ಯಾರಡೆಗೆ ಕ್ರಮೇಣ ತಿಳಿಯಿತು. ಒಂದು ತಂತಿಯಲ್ಲಿ ಸ್ಥಿರವಾಗಿ ವಿದ್ಯುತ್ತು ಹರಿದರೆ ಇನ್ನೊಂದರಲ್ಲಿಯೂ ಸ್ಥಿರವಾಗಿ ಹರಿಯಬೇಕೆಂದು ಆತನೂ ನಿರೀಕ್ಷಿಸಿದ್ದನು, ಇತರರೂ ನಿರೀಕ್ಷಿಸಿದ್ದರು. ಆದರೆ ನಿಸರ್ಗದ ನಿಯಮ ಬೇರೆಯಾಗಿತ್ತು. ಕಾಂತತ್ವವು ಇರುವುದರಿಂದ ವಿದ್ಯುತ್ತು ಹುಟ್ಟುವುದಿಲ್ಲ. ಕಾಂತತ್ವವು ಬದಲಾಗುವುದರಿಂದ ಹುಟ್ಟುತ್ತದೆ. ಬ್ಯಾಟರಿಯನ್ನು ಜೋಡಿಸಿದಾಗ ಕಬ್ಬಿಣದಲ್ಲಿ ಕಾಂತತ್ವ ಏರುತ್ತದೆ, ತಪ್ಪಿಸಿದಾಗ ಇಳಿಯುತ್ತದೆ. ಆ ಏರಿಳಿತದ ಕ್ಷಣಗಳಲ್ಲಿ ಮಾತ್ರ ಎರಡನೆಯ ಸುರುಳಿಯಲ್ಲಿ ಪ್ರವಾಹ ಉಂಟಾಗುತ್ತದೆ. ಅಲ್ಪವಾದ, ಕ್ಷಣಿಕವಾದ ಆ ಕದಲಿಕೆಯನ್ನು ಮೇಜು ಅಲುಗಿತೆಂದೋ ಕಣ್ಣಿನ ಭ್ರಮೆಯೆಂದೋ ತಳ್ಳಿಹಾಕಿದ್ದರೆ ಹತ್ತು ವರ್ಷಗಳ ಹುಡುಕಾಟ ಅಲ್ಲಿಗೇ ಮುಗಿಯುತ್ತಿತ್ತು. ತಾನು ಬಯಸಿದ್ದನ್ನು ಬದಿಗಿಟ್ಟು ಕಂಡದ್ದನ್ನು ಒಪ್ಪಿಕೊಂಡುದೇ ಫ್ಯಾರಡೆಯ ಹಿರಿಮೆ.

ಆತನು ಅಲ್ಲಿಗೆ ನಿಲ್ಲಲಿಲ್ಲ. ಅಕ್ಟೋಬರ್ 17ರಂದು ಬ್ಯಾಟರಿಯ ಹಂಗೇ ಇಲ್ಲದೆ, ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತದ ಸಲಾಕೆಯನ್ನು ತಟ್ಟನೆ ತೂರಿಸಿ ವಿದ್ಯುತ್ತನ್ನು ಪಡೆದನು. ಅದೇ ತಿಂಗಳ 28ರಂದು ದೊಡ್ಡ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ ಎಡೆಬಿಡದ ಪ್ರವಾಹವನ್ನು ಪಡೆದನು. ನವೆಂಬರ್ 24ರಂದು ಈ ಶೋಧಗಳ ವರದಿಯನ್ನು ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ಅಮೆರಿಕದಲ್ಲಿ ಜೋಸೆಫ್ ಹೆನ್ರಿ ಎಂಬ ಅಧ್ಯಾಪಕನೂ ಸ್ವತಂತ್ರವಾಗಿ ಇದೇ ತತ್ತ್ವವನ್ನು ಕಂಡುಕೊಂಡಿದ್ದನು. ಮೊದಲು ಪ್ರಕಟಿಸಿದವನು ಫ್ಯಾರಡೆ. ಈ ತತ್ತ್ವಕ್ಕೆ ವಿದ್ಯುತ್ಕಾಂತ ಪ್ರೇರಣೆ ಎಂದು ಹೆಸರು.

ಒಂದನ್ನೊಂದು ಮುಟ್ಟದ ಎರಡು ತಂತಿಗಳ ನಡುವೆ ಶಕ್ತಿಯು ದಾಟಿದ ಬಗೆ ಹೇಗೆ? ಅಯಸ್ಕಾಂತದ ಸುತ್ತಲಿನ ಅವಕಾಶವು ಬರಿದಲ್ಲವೆಂದೂ ಅದರ ತುಂಬ ಬಲರೇಖೆಗಳು ಹಬ್ಬಿವೆಯೆಂದೂ ಫ್ಯಾರಡೆ ಭಾವಿಸಿದನು. ಗಣಿತದ ಬೆಂಬಲವಿಲ್ಲದ ಈ ಭಾವನೆಯನ್ನು ಅನೇಕ ವಿದ್ವಾಂಸರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದೆ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು ಅದನ್ನೇ ಗಣಿತದ ಭಾಷೆಗೆ ತಂದಾಗ, ಕಮ್ಮಾರನ ಮಗನ ಒಳಗಣ್ಣು ಕಂಡುದು ಎಷ್ಟು ನಿಜವೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಕೀರ್ತಿ ಬೆಳೆದಂತೆ ಹಣ ಗಳಿಸುವ ದಾರಿಗಳೂ ತೆರೆದವು. ವ್ಯಾಪಾರಿಗಳು ಕೇಳುವ ಪರೀಕ್ಷೆಗಳನ್ನು ಮಾಡಿಕೊಟ್ಟಿದ್ದರೆ ಫ್ಯಾರಡೆ ಶ್ರೀಮಂತನಾಗಬಹುದಾಗಿತ್ತು. ಅಂಥ ಕೆಲಸವನ್ನು ಆತನು ಬಹುಮಟ್ಟಿಗೆ ಕೈಬಿಟ್ಟು ಸಂಶೋಧನೆಗೆ ತನ್ನ ವೇಳೆಯನ್ನು ಮೀಸಲಿಟ್ಟನು. ಸರ್ ಪದವಿಯನ್ನು ಒಲ್ಲೆನೆಂದನು. ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನು ಎರಡು ಸಲ ನಿರಾಕರಿಸಿದನು.  ಆದರೆ ಮಕ್ಕಳಿಗೆ ವಿಜ್ಞಾನವನ್ನು ಹೇಳುವುದೆಂದರೆ ಆತನಿಗೆ ಎಲ್ಲಿಲ್ಲದ ಉತ್ಸಾಹ. ಕ್ರಿಸ್ಮಸ್ ರಜೆಯಲ್ಲಿ ಬಾಲಕ ಬಾಲಕಿಯರಿಗಾಗಿ ನಡೆಯುತ್ತಿದ್ದ ಉಪನ್ಯಾಸ ಮಾಲೆಗಳಲ್ಲಿ ಹತ್ತೊಂಬತ್ತನ್ನು ಆತನೇ ನೀಡಿದನು. ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಇಡೀ ಮಾಲೆಯನ್ನೇ ನಡೆಸುವ ಶಕ್ತಿ ಆತನಿಗಿತ್ತು.

ಫ್ಯಾರಡೆಯು ಸಮುದ್ರದ ದೀಪಸ್ತಂಭಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ವೈಜ್ಞಾನಿಕ ಸಲಹೆಗಾರನೂ ಆಗಿದ್ದನು. ಡೋವರ್ ಬಂದರಿನ ಸಮೀಪದ ಸೌತ್ ಫೋರ್ಲೆಂಡ್ ದೀಪಸ್ತಂಭದಲ್ಲಿ 1858ರ ಡಿಸೆಂಬರಿನಲ್ಲಿ ವಿದ್ಯುದ್ದೀಪದ ಪ್ರಯೋಗ ಆರಂಭವಾಯಿತು. ಆ ದೀಪಕ್ಕೆ ವಿದ್ಯುತ್ತನ್ನು ಒದಗಿಸಿದ ಯಂತ್ರವು ಆತನು ಕಂಡುಹಿಡಿದ ತತ್ತ್ವದಿಂದಲೇ ನಡೆಯುತ್ತಿತ್ತು. 1860ರ ಫೆಬ್ರವರಿಯಲ್ಲಿ ಅದನ್ನು ಪರೀಕ್ಷಿಸಲು ಹೊರಟಾಗ ಹಿಮಪಾತದಿಂದ ದಾರಿ ಮುಚ್ಚಿ ಹಿಂದಿರುಗಬೇಕಾಯಿತು. ಅದೇ ವಾರದಲ್ಲಿ ಮತ್ತೆ ಹೊರಟನು. ಹಿಮ ಕರಗಿರಲಿಲ್ಲ. ಅರವತ್ತೆಂಟು ವರ್ಷದ ಮುದುಕನು ಬೇಲಿಗಳನ್ನೂ ಗೋಡೆಗಳನ್ನೂ ಹತ್ತಿಳಿದು, ಹೊಲಗಳನ್ನು ದಾಟಿ ದೀಪಸ್ತಂಭವನ್ನು ಸೇರಿದನು. ಪ್ರಯೋಗಶಾಲೆಯಲ್ಲಿ ಸೂಚಿಯ ಒಂದು ಕ್ಷಣದ ಕದಲಿಕೆಯಾಗಿ ತೋರಿದ್ದ ಶಕ್ತಿಯು ನಾವಿಕರಿಗೆ ದಾರಿ ತೋರುವ ಬೆಳಕಾದುದನ್ನು ಆತನು ಕಣ್ಣಾರೆ ಕಂಡನು.

ಮುಪ್ಪಿನಲ್ಲಿ ಆತನ ನೆನಪಿನ ಶಕ್ತಿ ಕುಂದಿತು. ರಾಣಿಯು ಹ್ಯಾಂಪ್ಟನ್ ಕೋರ್ಟಿನಲ್ಲಿ ಆತನ ವಾಸಕ್ಕೆ ಮನೆಯನ್ನು ಕೊಟ್ಟಿದ್ದಳು. ಅಲ್ಲಿ 1867ರ ಆಗಸ್ಟ್ 25ರಂದು ಕುರ್ಚಿಯಲ್ಲಿ ಕುಳಿತಂತೆಯೇ ಫ್ಯಾರಡೆ ಕೊನೆಯುಸಿರೆಳೆದನು. ಹೈಗೇಟ್ ಸ್ಮಶಾನದಲ್ಲಿರುವ ಆತನ ಸಮಾಧಿಯ ಕಲ್ಲಿನ ಮೇಲೆ ಬಿರುದು ಬಾವಲಿಗಳಿಲ್ಲ. ಹೆಸರು ಮತ್ತು ಜನನ ಮರಣಗಳ ದಿನ ಮಾತ್ರ ಇವೆ.

ಆತನು ಹೋದ ಮೇಲೆ ಬಳೆಯ ಸಂತತಿ ಬೆಳೆಯಿತು. ಬ್ಯಾಟರಿಯ ಸ್ಥಿರ ಪ್ರವಾಹಕ್ಕೆ ಬದಲಾಗಿ, ದಿಕ್ಕನ್ನು ಸದಾ ಬದಲಿಸುತ್ತಿರುವ ಪರ್ಯಾಯ ಪ್ರವಾಹವನ್ನು ಮೊದಲ ಸುರುಳಿಗೆ ಕೊಟ್ಟರೆ ಕಬ್ಬಿಣದ ಕಾಂತತ್ವವೂ ಸದಾ ಬದಲಾಗುತ್ತದೆ. ಎರಡನೆಯ ಸುರುಳಿಯಲ್ಲಿ ಪ್ರವಾಹ ನಿಲ್ಲದೆ ಹುಟ್ಟುತ್ತದೆ. 1885ರಲ್ಲಿ ಬುಡಾಪೆಸ್ಟ್ ನಗರದ ಮೂವರು ಎಂಜಿನಿಯರುಗಳಾದ ಜಿಪರ್ನೋವ್‌ಸ್ಕಿ, ಬ್ಲಾತಿ, ಡೇರಿ ಎಂಬುವರು ಫ್ಯಾರಡೆಯ ಬಳೆಯಂತೆಯೇ ಸುತ್ತು ಮುಚ್ಚಿದ ಕಬ್ಬಿಣವನ್ನು ಬಳಸಿ ಬಳಕೆಗೆ ಯೋಗ್ಯವಾದ ಟ್ರಾನ್ಸ್‌ಫಾರ್ಮರನ್ನು ನಿರ್ಮಿಸಿದರು. ಎರಡನೆಯ ಸುರುಳಿಗೆ ಹೆಚ್ಚು ಸುತ್ತು ಕೊಟ್ಟರೆ ವೋಲ್ಟೇಜು ಏರುತ್ತದೆ. ಕಡಿಮೆ ಕೊಟ್ಟರೆ ಇಳಿಯುತ್ತದೆ. ಇದರಿಂದ ವಿದ್ಯುತ್ತನ್ನು ಬಹುದೂರ ಸಾಗಿಸುವುದು ಸಾಧ್ಯವಾಯಿತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುಬಂದುದು ಇದೇ ಸಾಧನದ ಬಲದಿಂದ.

ಎರಡು ಸುರುಳಿಗಳಲ್ಲಿಯೂ ಸುತ್ತುಗಳು ಸಮನಾಗಿದ್ದರೆ ವೋಲ್ಟೇಜು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಂಥ ಟ್ರಾನ್ಸ್‌ಫಾರ್ಮರಿನಿಂದ ಏನು ಪ್ರಯೋಜನವೆಂದು ತೋರಬಹುದು. ಆದರೆ ಎಲೆಕ್ಟ್ರಾನಿಕ್ ಉಪಕರಣಗಳನ್ನು ಬಿಚ್ಚಿ ಪರೀಕ್ಷಿಸುವವರಿಗೆ ಅದು ಪ್ರಾಣರಕ್ಷಕ. ಮನೆಗೆ ಬರುವ 230 ವೋಲ್ಟಿನ ಎರಡು ತಂತಿಗಳಲ್ಲಿ ಒಂದನ್ನು ವಿತರಣೆಯ ಮೂಲದಲ್ಲಿಯೇ ಭೂಮಿಗೆ ಸೇರಿಸಿರುತ್ತಾರೆ. ಆದುದರಿಂದ ನೆಲದ ಮೇಲೆ ನಿಂತವನು ಇನ್ನೊಂದು ತಂತಿಯನ್ನು ಮುಟ್ಟಿದರೆ ಆತನ ದೇಹವೇ ಪ್ರವಾಹದ ದಾರಿಯಾಗುತ್ತದೆ. ಕೆಲವು ಹಳೆಯ ರೇಡಿಯೊಗಳಲ್ಲಿ ಲೋಹದ ಚೌಕಟ್ಟೇ ನೇರವಾಗಿ ಈ ತಂತಿಗಳಿಗೆ ಸೇರಿರುತ್ತಿತ್ತು. ಅಂಥದನ್ನು ಬಿಚ್ಚುವ ಮೇಜಿನ ಮೇಲೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಎಂಬ ಪೆಟ್ಟಿಗೆಯನ್ನು ಇಡುತ್ತಾರೆ. ಅದರ ಮೊದಲ ಸುರುಳಿಯು ಫ್ಯೂಸಿನ ಮೂಲಕ ಮನೆಯ ತಂತಿಗಳಿಗೆ ಸೇರುತ್ತದೆ. ಪೆಟ್ಟಿಗೆಯ ಲೋಹವನ್ನೂ ಕಬ್ಬಿಣವನ್ನೂ ಭೂಮಿಗೆ ಸೇರಿಸುತ್ತಾರೆ. ಎರಡನೆಯ ಸುರುಳಿಯನ್ನು ಮಾತ್ರ ಯಾವುದಕ್ಕೂ ಸೇರಿಸುವುದಿಲ್ಲ. ಅದರ ಒಂದು ತುದಿಯನ್ನು ಅಕಸ್ಮಾತ್ ಮುಟ್ಟಿದರೂ ಭೂಮಿಯ ಮೂಲಕ ಹಿಂದಿರುಗುವ ದಾರಿಯಿಲ್ಲದ್ದರಿಂದ ಅಪಾಯಕರ ಪ್ರವಾಹ ಹರಿಯುವುದಿಲ್ಲ. ಹಾಗೆಂದು ಮೈಮರೆಯುವಂತಿಲ್ಲ. ಎರಡು ತುದಿಗಳನ್ನೂ ಒಟ್ಟಿಗೆ ಮುಟ್ಟಿದವನನ್ನು ಈ ಪೆಟ್ಟಿಗೆ ಉಳಿಸಲಾರದು. ಭೂಸಂಪರ್ಕವುಳ್ಳ ಅಳತೆಯ ಉಪಕರಣವನ್ನು ಆ ಭಾಗಕ್ಕೆ ಜೋಡಿಸಿದರೂ ರಕ್ಷಣೆ ಹೊರಟುಹೋಗುತ್ತದೆ.

ಈ ರಕ್ಷಣೆಯ ಗುಟ್ಟೆಲ್ಲ ಸುರುಳಿಗಳ ನಡುವಿನ ಅವಾಹಕದ ಪದರಗಳಲ್ಲಿ ಅಡಗಿದೆ. ಇಂದಿನ ತಂತಿಗೆ ಲೇಪವಿದೆ, ಪದರಗಳಿಗೆ ಹೊಸ ಹೊಸ ವಸ್ತುಗಳಿವೆ. 1831ರಲ್ಲಿ ಇದ್ದುದು ದಾರ, ಬಟ್ಟೆ ಮತ್ತು ಅವಸರವನ್ನರಿಯದ ಎರಡು ಕೈಗಳು ಮಾತ್ರ. ಸತ್ಯವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತಿಳಿಯಬೇಕೆಂದು ಫ್ಯಾರಡೆ ತನ್ನ ಸುರುಳಿಗಳನ್ನು ಬೇರೆ ಬೇರೆಯಾಗಿ ಇರಿಸಿದನು. ಆತನು ಸತ್ಯಕ್ಕಾಗಿ ವಹಿಸಿದ ಆ ಎಚ್ಚರವೇ ಇಂದು ಎಷ್ಟೋ ಕೆಲಸಗಾರರ ಪ್ರಾಣಕ್ಕೆ ಕಾವಲಾಗಿ ನಿಂತಿದೆ.